ಎರಡು ಪದರದ ಪರದೆಗೆ ಬ್ರಾಕೆಟ್: ನೆರಿಗೆಯಿಂದ ಗೋಡೆಯವರೆಗೆ

ಮಲಗುವ ಕೋಣೆಯ ಕಿಟಕಿಗೆ ಹಗಲಿಗೆ ಒಂದು ತೆಳುಪರದೆ, ರಾತ್ರಿಗೆ ಒಂದು ದಪ್ಪ ಪರದೆ ಬೇಕಿತ್ತು. ಅಂದರೆ ಒಂದೇ ಬ್ರಾಕೆಟ್ಟಿನ ಮೇಲೆ, ಒಂದರ ಮುಂದೆ ಒಂದರಂತೆ ಎರಡು ಹಳಿ. ಇಂಥ ಬ್ರಾಕೆಟ್ ಕೊಳ್ಳುವಾಗ ಕಣ್ಣು ಮೊದಲು ಹೋಗುವುದು ಬಣ್ಣ, ಹೊಳಪು, ತುದಿಯ ಗುಂಡಿನ ಆಕಾರದ ಕಡೆಗೆ. ಈ ಕೆಲಸದಲ್ಲಿ ನಾನು ಮೊದಲು ಅಳೆದದ್ದು ಬಟ್ಟೆಯ ನೆರಿಗೆಯನ್ನು. ಬ್ರಾಕೆಟ್ ಗೋಡೆಯಿಂದ ಎಷ್ಟು ಮುಂದಕ್ಕೆ ಚಾಚಬೇಕು ಎಂಬುದನ್ನು ನೆರಿಗೆ ತೀರ್ಮಾನಿಸುತ್ತದೆ. ಚಾಚು ಹೆಚ್ಚಿದಷ್ಟೂ ಸ್ಕ್ರೂಗಳ ಮೇಲಿನ ಎಳೆತ ಹೆಚ್ಚುತ್ತದೆ. ಆ ಎಳೆತ ಎಷ್ಟೆಂದು ತಿಳಿದ ಮೇಲೆ ಗೋಡೆಯಲ್ಲಿ ಎಂಥ ರಂಧ್ರ, ಎಷ್ಟು ಆಳ ಎಂಬ ಪ್ರಶ್ನೆ. ಈ ಕ್ರಮ ತಿರುವುಮುರುವಾದರೆ ಎರಡು ಪರದೆಗಳು ಒಂದನ್ನೊಂದು ಉಜ್ಜುತ್ತ ಸರಿಯುತ್ತವೆ, ಇಲ್ಲವೇ ಬ್ರಾಕೆಟ್ ಎಂದೋ ಗಿಲಾವಿನ ಸಮೇತ ಕಿತ್ತು ಬರುತ್ತದೆ.

ಕಿಟಕಿಯ ಚೌಕಟ್ಟಿನ ಅಗಲ 1800 ಮಿ.ಮೀ. ಚೌಕಟ್ಟಿನ ತಲೆಯ ಮೇಲೆ 150 ಮಿ.ಮೀ ಎತ್ತರದ ಕಾಂಕ್ರೀಟ್ ಲಿಂಟಲ್, ಅಂದರೆ ಮೇಲಿನ ಗೋಡೆಯನ್ನು ಹೊರುವ ಅಡ್ಡತೊಲೆ, ಇದೆ. ಅಕ್ಕಪಕ್ಕ ಇಟ್ಟಿಗೆ ಗೋಡೆ, ಅದರ ಮೇಲೆ ಸುಮಾರು 15 ಮಿ.ಮೀ ಸಿಮೆಂಟ್ ಗಿಲಾವು. ಕಿಟಕಿಯ ಕೆಳಗೆ ಹಾಸಿದ ಕಲ್ಲು ಗೋಡೆಯ ಮಟ್ಟದಿಂದ 30 ಮಿ.ಮೀ ಹೊರಗೆ ಬಂದಿದೆ. ಈ ಕೊನೆಯ ಅಳತೆಯನ್ನು ಬರೆದಿಟ್ಟುಕೊಳ್ಳುವವರು ಕಡಿಮೆ. ಒಳಗಿನ ತೆಳುಪರದೆ ನೆಲದವರೆಗೆ ನೇರವಾಗಿ ಇಳಿಯಬೇಕಾದರೆ ಅದು ಆ ಕಲ್ಲಿನ ಅಂಚನ್ನು ದಾಟಿಕೊಂಡು ಇಳಿಯಬೇಕು. ಇಲ್ಲದಿದ್ದರೆ ಬಟ್ಟೆ ಕಲ್ಲಿನ ಮೇಲೆ ಒರಗಿ, ಕಿಟಕಿಯ ಅರ್ಧದಲ್ಲಿ ಹೊಟ್ಟೆ ಬಂದಂತೆ ಕಾಣುತ್ತದೆ, ಅಂಚಿನಲ್ಲಿ ಬೇಗ ಸವೆಯುತ್ತದೆ.

ನೆರಿಗೆಯ ಲೆಕ್ಕ

ಹೊರಗಿನ ದಪ್ಪ ಪರದೆಗೆ ಐಲೆಟ್, ಅಂದರೆ ಬಟ್ಟೆಗೇ ಕೂರಿಸಿದ ಲೋಹದ ಬಳೆಗಳ ಮೂಲಕ ಪೈಪು ಹಾಯುವ ಬಗೆ. ಇಲ್ಲಿ ಬಟ್ಟೆ ಪೈಪಿನ ಮುಂದೊಮ್ಮೆ ಹಿಂದೊಮ್ಮೆ ಬಾಗುತ್ತದೆ. ಒಂದು ಐಲೆಟ್‌ನಿಂದ ಮುಂದಿನದಕ್ಕೆ ಬಟ್ಟೆಯ ಮೇಲೆ 150 ಮಿ.ಮೀ ಅಂತರವಿದ್ದರೆ, ಪರದೆಯನ್ನು ಪೂರ್ತಿ ಬದಿಗೆ ಸರಿಸಿದಾಗ ಪ್ರತಿ ನೆರಿಗೆಯೂ ಪೈಪಿನ ನಡುವಿನಿಂದ ಅದರ ಅರ್ಧದಷ್ಟು, ಅಂದರೆ 75 ಮಿ.ಮೀ ವರೆಗೆ ಎರಡೂ ಕಡೆ ಚಾಚುತ್ತದೆ. ಪರದೆಯನ್ನು ಎಳೆದು ಮುಚ್ಚಿದಾಗ, ಬಟ್ಟೆಯ ಅಗಲ ಹಳಿಯ ಎರಡರಷ್ಟಿದ್ದರೆ, ಅದು ಸುಮಾರು 65 ಮಿ.ಮೀ ಗೆ ಇಳಿಯುತ್ತದೆ. ಹೀಗಾಗಿ ಎರಡೂ ಪದರಕ್ಕೆ ಐಲೆಟ್ ಹಾಕಿಸಿದರೆ ಎರಡು ಪೈಪುಗಳ ನಡುವೆ 130ರಿಂದ 150 ಮಿ.ಮೀ ಅಂತರ ಬೇಕಾಗುತ್ತದೆ. ಸಿದ್ಧವಾಗಿ ಸಿಗುವ ಜೋಡಿ ಬ್ರಾಕೆಟ್‌ಗಳಲ್ಲಿ ಈ ಅಂತರ ಅದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚಿರುವುದು ಸಾಮಾನ್ಯ. ಒಳಪರದೆ ಎಳೆದರೆ ಹೊರಪರದೆಯೂ ಜೊತೆಗೆ ಬರುವ ತೊಂದರೆಯ ಮೂಲ ಇದೇ.

ನಾನು ಎರಡು ಕಡೆ ಜಾಗ ಉಳಿಸಿದೆ. ಹೊರಪರದೆಯ ಐಲೆಟ್‌ಗಳ ಅಂತರವನ್ನು 120 ಮಿ.ಮೀ ಗೆ ಇಳಿಸಿದೆ. ಸರಿಸಿದಾಗ ನೆರಿಗೆ 60 ಮಿ.ಮೀ ಮೀರುವುದಿಲ್ಲ. ಐಲೆಟ್‌ಗಳ ಸಂಖ್ಯೆ ಸಮಸಂಖ್ಯೆಯೇ ಆಗಿರಬೇಕು, ಆಗ ಪರದೆಯ ಎರಡೂ ಅಂಚುಗಳು ಗೋಡೆಯ ಕಡೆಗೇ ತಿರುಗುತ್ತವೆ. ಪ್ರತಿ ತುಂಡಿಗೆ 18 ಬಂದವು. ಒಳಪರದೆಗೆ ಪೈಪನ್ನೇ ಬಿಟ್ಟು, ಪುಟ್ಟ ಗಾಲಿಗಳು ಓಡುವ ಅಲ್ಯೂಮಿನಿಯಂ ಟ್ರ್ಯಾಕ್ ಆರಿಸಿಕೊಂಡೆ. ಟೇಪು ಹೊಲಿದು ಚಿಕ್ಕದಾಗಿ ಸುಕ್ಕಿಸಿದ ತೆಳುಬಟ್ಟೆ ಟ್ರ್ಯಾಕ್‌ನ ಎರಡೂ ಬದಿಗೆ 40 ಮಿ.ಮೀ ಗಿಂತ ಹೆಚ್ಚು ಹರಡುವುದಿಲ್ಲ.

ಟ್ರ್ಯಾಕ್‌ಗೆ ಇನ್ನೊಂದು ದೊಡ್ಡ ಗುಣವಿದೆ. ಪೈಪನ್ನು ನಡುವಿನ ಬ್ರಾಕೆಟ್ ಕೆಳಗಿನಿಂದ ಹೊರುತ್ತದೆ, ಹಾಗಾಗಿ ಐಲೆಟ್ ಆಗಲಿ ಮುಚ್ಚಿದ ಬಳೆಯಾಗಲಿ ಅದನ್ನು ದಾಟಲಾರದು. ಟ್ರ್ಯಾಕನ್ನು ಬ್ರಾಕೆಟ್‌ನ ತೋಳು ಮೇಲಿನಿಂದ ಕ್ಲಿಪ್ಪಿನಲ್ಲಿ ಹಿಡಿಯುತ್ತದೆ, ಗಾಲಿಗಳು ಕೆಳಗೆ ತಡೆಯಿಲ್ಲದೆ ಹಾದುಹೋಗುತ್ತವೆ. ಹೊರಗಿನ ಪರದೆ ಎರಡು ತುಂಡು, ನಡುವೆ ಸೇರುವಂಥದು, ಅದಕ್ಕೆ ನಡುವಿನ ಬ್ರಾಕೆಟ್ ಅಡ್ಡಿಯಾಗುವುದಿಲ್ಲ. ಒಳಗಿನದು ಒಂದೇ ಅಖಂಡ ಬಟ್ಟೆ. ಅದು ಇಡೀ ಕಿಟಕಿಯ ಉದ್ದಕ್ಕೂ ಓಡಬೇಕಿತ್ತು. ಟ್ರ್ಯಾಕ್ ಇಲ್ಲದಿದ್ದರೆ ಇದು ಸಾಧ್ಯವಿರಲಿಲ್ಲ.

ಈಗ ಕೂಡುವುದು ಸುಲಭ. ಹೊರಚಾಚಿದ ಕಲ್ಲಿಗೆ 30, ತೆಳುಬಟ್ಟೆಯ ಹಿಂದಿನ ಅರ್ಧಕ್ಕೆ 40, ಸ್ವಲ್ಪ ಸಡಿಲು ಸೇರಿಸಿ ಗೋಡೆಯಿಂದ ಟ್ರ್ಯಾಕ್‌ನ ನಡುವಿಗೆ 75 ಮಿ.ಮೀ. ಅಲ್ಲಿಂದ ಪೈಪಿನ ನಡುವಿಗೆ 40 ಮತ್ತು 60 ಸೇರಿ 100 ಬೇಕು. ತೆಳುಬಟ್ಟೆ ಒತ್ತಿದರೆ ಬಳುಕುತ್ತದೆಯಾದ್ದರಿಂದ 95ಕ್ಕೆ ನಿಲ್ಲಿಸಿದೆ. ಒಟ್ಟು 170 ಮಿ.ಮೀ. ಹೊರಪರದೆಯ ಮುಂದಿನ ನೆರಿಗೆ ಗೋಡೆಯಿಂದ 230 ಮಿ.ಮೀ ವರೆಗೆ ಬರುತ್ತದೆ. ಕಪಾಟಿನ ಬಾಗಿಲು ಅದಕ್ಕೆ ತಾಗುವುದಿಲ್ಲವೆಂದು ನೆಲದ ಮೇಲೆ ಟೇಪು ಹಿಡಿದು ನೋಡಿಕೊಂಡೆ.

ಭಾರ ಎಲ್ಲಿ ಬೀಳುತ್ತದೆ

ಹೊರಪರದೆಗೆ ಬಟ್ಟೆ 4.4 ಮೀಟರ್ ಅಗಲ, ಮಡಿಕೆ ಸೇರಿ 2.4 ಮೀಟರ್ ಇಳಿಕೆ. ಚದರ ಮೀಟರಿಗೆ 300 ಗ್ರಾಂ ತೂಗುವ ಬಟ್ಟೆಗೆ 250 ಗ್ರಾಂನ ಕತ್ತಲೆ ಅಸ್ತರು ಸೇರಿದರೆ 5.8 ಕಿಲೋ ಆಗುತ್ತದೆ. 25 ಮಿ.ಮೀ ವ್ಯಾಸ, 1 ಮಿ.ಮೀ ದಪ್ಪದ ಉಕ್ಕಿನ ಪೈಪು ಮೀಟರಿಗೆ ಸುಮಾರು 600 ಗ್ರಾಂ. ಐಲೆಟ್‌ಗಳನ್ನೂ ಸೇರಿಸಿದರೆ ಹೊರಗಿನ ಪದರ ಒಟ್ಟು ಏಳೂವರೆ ಕಿಲೋ. ಒಳಗಿನದು ಟ್ರ್ಯಾಕ್ ಸಮೇತ ಒಂದೂವರೆ ಕಿಲೋ ಮಾತ್ರ.

ತುದಿಯ ಬ್ರಾಕೆಟ್‌ಗಳನ್ನು ಚೌಕಟ್ಟಿನಿಂದ 200 ಮಿ.ಮೀ ಆಚೆ ಇಡಬೇಕೆಂದು ತೀರ್ಮಾನವಾಗಿತ್ತು. ಬಟ್ಟೆಯನ್ನು ಬಿಡಿ ಪೈಪಿಗೆ ಹಾಕಿ ಒತ್ತಿ ನೋಡಿದಾಗ ಒಂದು ತುಂಡಿನ ಕಟ್ಟು ಸುಮಾರು 250 ಮಿ.ಮೀ ಜಾಗ ತೆಗೆದುಕೊಂಡಿತು. ಅಷ್ಟನ್ನು ಗೋಡೆಯೂ ಚೌಕಟ್ಟಿನ ಮರವೂ ನುಂಗುತ್ತವೆ, ಗಾಜು ಪೂರ್ತಿ ತೆರೆದಿರುತ್ತದೆ. ಹಾಗಾಗಿ ತುದಿಯಿಂದ ತುದಿಗೆ 2200 ಮಿ.ಮೀ. ನಡುವೆ ಆಧಾರವಿಲ್ಲದಿದ್ದರೆ ಈ ಪೈಪು ಇಷ್ಟು ಭಾರಕ್ಕೆ ಸುಮಾರು 9 ಮಿ.ಮೀ ಜಗ್ಗುತ್ತದೆ. ಕೋಣೆಯ ಆ ತುದಿಯಿಂದ ನೋಡಿದರೂ ಅದು ಕಣ್ಣಿಗೆ ಹೊಡೆಯುತ್ತದೆ. ನಡುವೆ ಒಂದು ಬ್ರಾಕೆಟ್ ಕೊಟ್ಟರೆ ಜಗ್ಗು ಅರ್ಧ ಮಿಲಿಮೀಟರಿಗಿಂತ ಕೆಳಗಿಳಿಯುತ್ತದೆ. ಒಂದರೊಳಗೊಂದು ಸೇರಿಸಿ ಉದ್ದ ಮಾಡುವ ಪೈಪಾದರೆ ಆ ಜೋಡಣೆಯ ಪಕ್ಕದಲ್ಲೇ ನಡುಬ್ರಾಕೆಟ್ ಬರುವಂತೆ ನೋಡಿಕೊಳ್ಳಬೇಕು, ಏಕೆಂದರೆ ಮೊದಲು ಬಾಗುವುದು ಆ ಜಾಗವೇ.

ಮೂರು ಬ್ರಾಕೆಟ್ ಎಂದರೆ ಭಾರ ಮೂರು ಸಮಪಾಲಾಗುತ್ತದೆ ಎಂದುಕೊಳ್ಳಬಾರದು. ಪರದೆ ಮುಚ್ಚಿದ್ದಾಗ ಒಟ್ಟು ಭಾರದ ಎಂಟರಲ್ಲಿ ಐದು ಪಾಲನ್ನು ನಡುವಿನದೇ ಹೊರುತ್ತದೆ. ನನ್ನ ಲೆಕ್ಕದಲ್ಲಿ ಅದು 4.7 ಕಿಲೋ. ಬೆಳಗ್ಗೆ ಪರದೆ ಸರಿಸಿದೊಡನೆ ಬಟ್ಟೆಯೆಲ್ಲ ತುದಿಗಳಿಗೆ ಹೋಗಿ ಕೂರುತ್ತದೆ, ಆಗ ಪ್ರತಿ ತುದಿಯ ಮೇಲೂ ಮೂರು ಕಿಲೋ ಹತ್ತಿರ ಬೀಳುತ್ತದೆ. ರಾತ್ರಿ ನಡುವಿನದಕ್ಕೆ ದುಡಿಮೆ, ಹಗಲು ತುದಿಯವಕ್ಕೆ. ಆದ್ದರಿಂದ ಮೂರನ್ನೂ ಒಂದೇ ಗಟ್ಟಿತನದಲ್ಲಿ ಕೂರಿಸಬೇಕು.

ಈ ಕಿಲೋಗಳು ನೋಡಲು ಸಣ್ಣವು. ಅವನ್ನು ದೊಡ್ಡದು ಮಾಡುವುದು 170 ಮಿ.ಮೀ ಉದ್ದದ ತೋಳು. ಬ್ರಾಕೆಟ್ ತನ್ನ ತಳಫಲಕದ ಕೆಳ ಅಂಚಿನ ಮೇಲೆ ತಿರುಗಲು ಯತ್ನಿಸುತ್ತದೆ, ಅದನ್ನು ತಡೆದು ಹಿಡಿಯುವುದು ಮೇಲಿನ ಸ್ಕ್ರೂ. ಫಲಕದ ಕೆಳ ಅಂಚಿನಿಂದ ಮೇಲಿನ ಸ್ಕ್ರೂವಿಗೆ 70 ಮಿ.ಮೀ ಇದ್ದರೆ, ನಡುವಿನ ಬ್ರಾಕೆಟ್‌ನ ಮೇಲಿನ ಸ್ಕ್ರೂವನ್ನು ಗೋಡೆಯಿಂದ ಹೊರಕ್ಕೆ ಎಳೆಯುವ ಬಲ ಸುಮಾರು 12 ಕಿಲೋ. ಅದೇ ಬ್ರಾಕೆಟ್ ಚಂದದ ಪುಟ್ಟ ದುಂಡು ಫಲಕದ್ದಾಗಿದ್ದು ಆ ಅಂತರ 35 ಮಿ.ಮೀ ಇದ್ದರೆ ಎಳೆತ 25 ಕಿಲೋ. ಯಾರೋ ಪರದೆಯನ್ನು ಹಿಡಿದು 10 ಕಿಲೋ ಬಲದಲ್ಲಿ ಜಗ್ಗಿದರೆ ಎತ್ತರದ ಫಲಕಕ್ಕೆ ಇನ್ನೂ 24, ದುಂಡು ಫಲಕಕ್ಕೆ ಇನ್ನೂ 49 ಸೇರುತ್ತದೆ. ಒಳಗಿನ ಪದರದ ಪಾಲು ಇದರಲ್ಲಿ ಹತ್ತನೇ ಒಂದಂಶವೂ ಇಲ್ಲ. ಒಂಟಿ ಪರದೆಗೆ ವರ್ಷಗಟ್ಟಲೆ ನಿಂತ ಬ್ರಾಕೆಟ್ ಮಾದರಿ ಜೋಡಿ ಪರದೆಗೆ ಸಾಲದೆ ಹೋಗುವುದು ಹೆಚ್ಚಿದ ಬಟ್ಟೆಯಿಂದಲ್ಲ, ಹೊರಗಿನ ಪೈಪು ಗೋಡೆಯಿಂದ ದೂರ ಸರಿದದ್ದರಿಂದ.

ಹಾಗಾಗಿ ನನ್ನ ಆಯ್ಕೆ 80 ಮಿ.ಮೀ ಎತ್ತರದ ಆಯತಾಕಾರದ ಉಕ್ಕಿನ ಫಲಕ, ಒಂದರ ಮೇಲೊಂದು ಎರಡು ಸ್ಕ್ರೂ ರಂಧ್ರ, ಅವುಗಳ ನಡುವೆ 60 ಮಿ.ಮೀ. ರಂಧ್ರಗಳು ಅಕ್ಕಪಕ್ಕ ಇರುವ ಫಲಕವನ್ನು ಜೋಡಿ ಪರದೆಗೆ ನಾನು ಯಾರಿಗೂ ಹೇಳುವುದಿಲ್ಲ. ಸತು ಮಿಶ್ರಲೋಹದ ಎರಕದ ಬ್ರಾಕೆಟ್‌ಗಳು ನುಣುಪಾಗಿ ಕಾಣುತ್ತವೆ. ಆದರೆ ಅವು ಬಾಗುವುದಿಲ್ಲ, ಮಿತಿ ಮೀರಿದರೆ ಮುರಿಯುತ್ತವೆ. ಅವುಗಳಲ್ಲಿ ಪೈಪನ್ನು ಬಿಗಿಯುವ ಪುಟ್ಟ ಸ್ಕ್ರೂ ಕೂರುವ ರಂಧ್ರದ ಥ್ರೆಡ್ ಕೂಡ ಬೇಗ ಸವೆದುಹೋಗುತ್ತದೆ. ಉಕ್ಕಿನದು ಮೊದಲು ಬಾಗಿ ಎಚ್ಚರಿಕೆ ಕೊಡುತ್ತದೆ.

ಪೈಪು ಕೂರುವ ಜಾಗ ಮೇಲೆ ತೆರೆದ ಬಟ್ಟಲಿನಂತಿರಬೇಕು, ಸುತ್ತ ಮುಚ್ಚಿದ ಬಳೆಯಾಗಬಾರದು. ಬಳೆಯಾದರೆ ಪರದೆ ಒಗೆಯಲು ತೆಗೆಯುವಾಗಲೆಲ್ಲ ಪೈಪನ್ನು ಪಕ್ಕಕ್ಕೆ ಎಳೆಯಬೇಕು, ಅದಕ್ಕೆ ಪಕ್ಕದ ಗೋಡೆ ಜಾಗ ಕೊಡಬೇಕು. ಇನ್ನು ತೋಳಿನ ಉದ್ದವನ್ನು ಹಿಂದೆಮುಂದೆ ಸರಿಸಿ ಬಿಗಿಯಲು ಸೀಳುಗಂಡಿ ಇರುವ ಮಾದರಿಯೇ ಬೇಕು ಎಂದು ಹಟ ಹಿಡಿದೆ. ಅದರ ಕಾರಣ ಗೋಡೆಯ ಬಳಿ ಬಂದಾಗ ತಿಳಿಯುತ್ತದೆ.

ಗೋಡೆ

ನೀಳ ಅಲ್ಯೂಮಿನಿಯಂ ಪಟ್ಟಿಯನ್ನು ಗೋಡೆಗೆ ಅಡ್ಡಲಾಗಿ ಒತ್ತಿ ಹಿಡಿದೆ. ಎರಡು ತುದಿಗಳು ಗೋಡೆಗೆ ತಾಗಿದ್ದವು, ನಡುವೆ ಲಿಂಟಲ್ ಇರುವ ಕಡೆ ಒಂದು ಪೆನ್ಸಿಲ್ ತೂರುವಷ್ಟು ಸಂದು. ಗಿಲಾವು ಮಾಡಿದ ಗೋಡೆ ಹೀಗೆ 5-6 ಮಿ.ಮೀ ಒಳಗೋ ಹೊರಗೋ ಇರುವುದು ಸಾಮಾನ್ಯ. ಮೂರೂ ಬ್ರಾಕೆಟ್‌ಗಳ ತೋಳು ಒಂದೇ ಉದ್ದವಾಗಿದ್ದರೆ ನಡುವಿನ ಬಟ್ಟಲು ಪೈಪಿಗಿಂತ ಹಿಂದೆ ಉಳಿಯುತ್ತದೆ, ಬಲವಂತ ಮಾಡಿದರೆ ಪೈಪು ಬಿಲ್ಲಾಗುತ್ತದೆ. ಸೀಳುಗಂಡಿಯ ತೋಳಾದ್ದರಿಂದ ನಡುವಿನದನ್ನು ಅಷ್ಟೇ ಮುಂದೆ ತಂದು ಬಿಗಿದರಾಯಿತು. ತೋಳು ಸರಿಸಲು ಬಾರದ ಬ್ರಾಕೆಟ್ ಈಗಾಗಲೇ ಕೊಂಡಿದ್ದರೆ ಫಲಕದ ಹಿಂದೆ ಅದೇ ಆಕಾರದ ಗಟ್ಟಿ ತಗಡಿನ ತುಂಡು ಕೊಡಬಹುದು. ಅದರ ಬದಲು ಫಲಕದ ಹಿಂದೆ ಎರಡು ಸ್ಕ್ರೂಗಳಿಗೆ ಮಾತ್ರ ಬಿಡಿ ವಾಷರ್ ಇಟ್ಟರೆ ಫಲಕದ ಕೆಳ ಅಂಚು ಗೋಡೆಗೆ ಒರಗುವುದಿಲ್ಲ, ಮೇಲಿನ ಲೆಕ್ಕವೇ ಕೆಡುತ್ತದೆ.

ಎತ್ತರವನ್ನು ತೀರ್ಮಾನಿಸಿದ್ದು ಲಿಂಟಲ್. ಕಾಂಕ್ರೀಟಿನೊಳಗಿನ ಉದ್ದ ಸರಳುಗಳು ಸಾಮಾನ್ಯವಾಗಿ ಅದರ ಮೇಲಂಚು ಮತ್ತು ಕೆಳಂಚಿನ ಹತ್ತಿರ ಇರುತ್ತವೆ. ಆದ್ದರಿಂದ ಫಲಕದ ನಡುವು ಲಿಂಟಲ್ಲಿನ ನಡುಮಟ್ಟಕ್ಕೆ, ಅಂದರೆ ಚೌಕಟ್ಟಿನಿಂದ 75 ಮಿ.ಮೀ ಮೇಲೆ ಬರುವಂತೆ ಗುರುತು ಹಾಕಿದೆ. ಎರಡು ರಂಧ್ರಗಳೂ ಸರಳುಗಳ ನಡುವಿನ ಜಾಗದಲ್ಲಿ ಬೀಳುತ್ತವೆ. ಅದೇ ಎತ್ತರವನ್ನು ಪಾರದರ್ಶಕ ನಳಿಕೆಗೆ ನೀರು ತುಂಬಿದ ಮಟ್ಟದಿಂದ ಎರಡೂ ತುದಿಗೆ ಒಯ್ದೆ. ಎರಡು ಮೀಟರಿಗೂ ಮಿಕ್ಕಿದ ಅಂತರಕ್ಕೆ ಗಿಡ್ಡ ರಸಮಟ್ಟವನ್ನು ಸರಿಸುತ್ತ ಹೋದರೆ ಸಣ್ಣ ವ್ಯತ್ಯಾಸಗಳು ಕೂಡುತ್ತ ಹೋಗುತ್ತವೆ, ನೀರು ಹಾಗೆ ಮಾಡುವುದಿಲ್ಲ. ಫಲಕದ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ, ರಂಧ್ರ ತೂತಿಸಿ, ಅದನ್ನೇ ಮೂರು ಕಡೆ ಇಟ್ಟು ಗುರುತು ಮಾಡಿದೆ.

ಕಿಟಕಿಯ ಪಕ್ಕದಲ್ಲಿ ಸ್ವಿಚ್ಚು ಅಥವಾ ಎ.ಸಿ.ಯ ಪ್ಲಗ್ ಇದ್ದರೆ ಅದರಿಂದ ನೇರ ಮೇಲಕ್ಕೆ ತಂತಿಯ ಕೊಳವೆ ಹೋಗಿರುವ ಸಂಭವ ಹೆಚ್ಚು. ತಂತಿ ಪತ್ತೆ ಮಾಡುವ ಉಪಕರಣ ಓಡಿಸಿ, ಆ ಕೋಣೆಗೆ ವಿದ್ಯುತ್ ಕೊಡುವ ಎಂ.ಸಿ.ಬಿ. ಸ್ವಿಚ್ಚನ್ನು ಆಫ್ ಮಾಡಿ, ಬೇರೆ ಕೋಣೆಯಿಂದ ತಂತಿ ಎಳೆದು ಡ್ರಿಲ್ ಹಿಡಿಯಬೇಕು. ಕಣ್ಣಿಗೆ ಕನ್ನಡಕ ಕಡ್ಡಾಯ, ರಂಧ್ರ ತಲೆಯ ಮೇಲಿರುವುದರಿಂದ ಪುಡಿಯೆಲ್ಲ ನೇರ ಮುಖಕ್ಕೇ ಬೀಳುತ್ತದೆ.

ತುದಿಯ ಎರಡು ಬ್ರಾಕೆಟ್‌ಗಳು ಲಿಂಟಲ್ಲಿನ ಆಚೆ, ಇಟ್ಟಿಗೆಯ ಮೇಲೆ ಬಂದವು. ಗಿಲಾವಿನ ಹಿಂದೆ ಇಟ್ಟಿಗೆ ಎಲ್ಲಿದೆ, ಸಂದಿನ ಗಾರೆ ಎಲ್ಲಿದೆ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಡ್ರಿಲ್‌ನ ಬಿಟ್‌ನಿಂದ, ಅಂದರೆ ಕೊರೆಯುವ ಕಡ್ಡಿಯಿಂದ, ಉದುರುವ ಪುಡಿ ಹೇಳುತ್ತದೆ. ಮೊದಲ 15 ಮಿ.ಮೀ ಬೂದು ಬಣ್ಣದ ಪುಡಿ, ಅದು ಗಿಲಾವು. ಆಮೇಲೆ ಕೆಂಪು ಪುಡಿ ಒಂದೇ ಸಮನೆ ಬಂದರೆ ಇಟ್ಟಿಗೆಯ ಒಡಲು ಸಿಕ್ಕಿದೆ. ಬೂದು ಬಣ್ಣವೇ ಮುಂದುವರಿದು, ಬಿಟ್ ಬೆಣ್ಣೆಗೆ ಇಳಿದಂತೆ ಇಳಿದರೆ ಅದು ಸಂದು. ಅಲ್ಲಿ ಪ್ಲಗ್, ಅಂದರೆ ಸ್ಕ್ರೂ ಕಚ್ಚಿಕೊಳ್ಳಲು ರಂಧ್ರದೊಳಗೆ ತೂರಿಸುವ ನೈಲಾನ್ ಕೊಳವೆ, ಸಡಿಲವಾಗಿ ಹಿಡಿಯುತ್ತದೆ. ಫಲಕವನ್ನು ಸ್ವಲ್ಪ ಪಕ್ಕಕ್ಕೆ ಸರಿಸುವುದೇ ಸರಿ. ನನ್ನ ಎಡತುದಿಯಲ್ಲಿ ಎರಡೂ ರಂಧ್ರ ಕೆಂಪು ಪುಡಿ ಕೊಟ್ಟವು. ಬಲತುದಿಯಲ್ಲಿ ಕೆಳಗಿನದು ಸಂದಿಗೆ ತಾಗಿತು, ಮೇಲಿನದು ಇಟ್ಟಿಗೆಗೆ. ಎಳೆತ ಹೊರುವುದು ಮೇಲಿನದಾದ್ದರಿಂದ ಹಾಗೆಯೇ ಉಳಿಸಿಕೊಂಡು, ಕೆಳಗಿನದಕ್ಕೆ ಇನ್ನೂ ಉದ್ದದ ಪ್ಲಗ್ ಹಾಕಿದೆ.

ಪ್ಲಗ್‌ನ ಅಳತೆಗೆ ಒಂದು ಸರಳ ಕೂಡುವಿಕೆ ಇದೆ. ಗಿಲಾವು ಭಾರ ಹೊರುವುದಿಲ್ಲ, ಅದನ್ನು ಲೆಕ್ಕದಿಂದ ಬಿಡಬೇಕು. 8 ಮಿ.ಮೀ ವ್ಯಾಸದ, 40 ಮಿ.ಮೀ ಉದ್ದದ ನೈಲಾನ್ ಪ್ಲಗ್ ಪೂರ್ತಿಯಾಗಿ ಇಟ್ಟಿಗೆಯೊಳಗೇ ಇರಬೇಕು. ಸ್ಕ್ರೂವಿನ ಉದ್ದ ಎಂದರೆ ಪ್ಲಗ್ 40, ಗಿಲಾವು 15, ಫಲಕದ ದಪ್ಪ 3, ಜೊತೆಗೆ ಸ್ಕ್ರೂವಿನ ವ್ಯಾಸದಷ್ಟು 5. ಒಟ್ಟು 63, ಹಾಗಾಗಿ 65 ಮಿ.ಮೀ ಸ್ಕ್ರೂ. ಅದರ ತುದಿ ಪ್ಲಗ್ಗನ್ನು ದಾಟಿ ಹೊರಬಂದರೆ ಮಾತ್ರ ಪ್ಲಗ್ ಪೂರ್ತಿ ಅರಳುತ್ತದೆ. ರಂಧ್ರ 70 ಮಿ.ಮೀ ಆಳ, ಬಿಟ್‌ನ ಮೇಲೆ ಅಷ್ಟಕ್ಕೆ ಬಣ್ಣದ ಟೇಪು ಸುತ್ತಿದ್ದೆ. ಬ್ರಾಕೆಟ್ ಜೊತೆಗೆ ಪೊಟ್ಟಣದಲ್ಲಿ ಬರುವ ಗಿಡ್ಡ ಸ್ಕ್ರೂ ಮತ್ತು ಪ್ಲಗ್‌ಗಳು ಹೆಚ್ಚಿನ ಪಾಲು ಗಿಲಾವಿನಲ್ಲೇ ಉಳಿದುಬಿಡುತ್ತವೆ, ಅವನ್ನು ಬದಿಗಿಡಿ.

ಕೊರೆದ ಮೇಲೆ ರಂಧ್ರದ ಪುಡಿಯನ್ನು ಊದಿ ತೆಗೆಯಲೇಬೇಕು. ಪುಡಿ ಉಳಿದರೆ ಪ್ಲಗ್ ಪೂರ್ತಿ ಒಳಗೆ ಹೋಗುವುದಿಲ್ಲ, ಹೋದರೂ ಗೋಡೆಗೆ ಕಚ್ಚಿಕೊಳ್ಳದೆ ಪುಡಿಯ ಮೇಲೆ ಜಾರುತ್ತದೆ. ಸೈಕಲ್ ಪಂಪಿಗೆ ಸಣ್ಣ ನಳಿಕೆ ಸಿಕ್ಕಿಸಿ ಒಳತುದಿಯಿಂದ ಹೊರಕ್ಕೆ ಊದಿದೆ. ಪ್ಲಗ್ ಬೆರಳಿಗೆ ಸಲೀಸಾಗಿ ಹೋದರೆ ರಂಧ್ರ ಅಗಲವಾಗಿದೆ ಎಂದರ್ಥ; ಸುತ್ತಿಗೆಯ ಹಗುರ ಏಟು ಬೇಡುವಷ್ಟು ಬಿಗಿ ಇರಬೇಕು.

ನಡುವಿನ ಬ್ರಾಕೆಟ್‌ನ ಮೇಲಿನ ರಂಧ್ರ ಕೊರೆಯುವಾಗ ಒಂದಿಷ್ಟು ಆಳಕ್ಕೆ ಹೋದ ಬಿಟ್ ನಿಂತುಬಿಟ್ಟಿತು. ದನಿ ಕೀಚಲಾಯಿತು, ಪುಡಿ ಉದುರುವುದು ನಿಂತಿತು. ಟಾರ್ಚ್ ಹಾಕಿ ನೋಡಿದರೆ ಒಳಗೆ ಲೋಹದ ಮಿಂಚು. ಉದ್ದ ಸರಳುಗಳನ್ನು ಸುತ್ತಿ ಕಟ್ಟಿರುವ ರಿಂಗು ಅದು, ನಡುಮಟ್ಟದಲ್ಲೂ ಹಾದಿರುತ್ತದೆ. ಲಿಂಟಲ್ ಮೇಲಿನ ಗೋಡೆಯನ್ನು ಹೊತ್ತಿರುವುದರಿಂದ ಅದರ ಉಕ್ಕನ್ನು ಕೊರೆಯಲು ಹೋಗಬಾರದು. ಫಲಕವನ್ನು 30 ಮಿ.ಮೀ ಬಲಕ್ಕೆ ಸರಿಸಿದೆ, ಹಳೆಯ ರಂಧ್ರಕ್ಕೆ ಸಿಮೆಂಟ್ ತುಂಬಿದೆ. ಪರದೆ ಸೇರುವ ಜಾಗ ಅಷ್ಟು ಆಚೆ ಹೋಯಿತು, ಕಣ್ಣಿಗೆ ಅದು ತಿಳಿಯುವುದೇ ಇಲ್ಲ.

ಗೋಡೆ ಬೇರೆ ಬಗೆಯದಾದರೆ ಮೇಲಿನ ಪ್ಲಗ್ ಕೆಲಸಕ್ಕೆ ಬಾರದು. ಟೊಳ್ಳು ಬ್ಲಾಕ್ ಇದ್ದರೆ ಡ್ರಿಲ್‌ನ ಹ್ಯಾಮರ್ (ಬಡಿತ) ಆಫ್ ಮಾಡಿ ಬರಿ ತಿರುಗಿಸಿ ಕೊರೆಯಬೇಕು, ಟೊಳ್ಳಿನೊಳಗೆ ಗಂಟಿನಂತೆ ಮಡಚಿಕೊಳ್ಳುವ ಪ್ಲಗ್ ಬೇಕು. ಒಳಗೆಲ್ಲ ಗಾಳಿಗುಳ್ಳೆಗಳಿರುವ, ಹಗುರವಾದ ಎ.ಎ.ಸಿ. ಕಾಂಕ್ರೀಟ್ ಬ್ಲಾಕ್‌ಗೂ ಹ್ಯಾಮರ್ ಕೂಡದು, ಅದಕ್ಕೆಂದೇ ಸುರುಳಿ ರೆಕ್ಕೆಯ ಪ್ಲಗ್‌ಗಳಿವೆ. ಜಿಪ್ಸಂ ಹಲಗೆಯ ಗೋಡೆಗೆ ಜೋಡಿ ಪರದೆಯನ್ನು ನೇರವಾಗಿ ನೇತುಹಾಕುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಒಳಗಿನ ಚೌಕಟ್ಟಿನ ಕಂಬಗಳಿಗೆ ಅಡ್ಡಲಾಗಿ ಒಂದು ಮರದ ಪಟ್ಟಿಯನ್ನು ಸ್ಕ್ರೂ ಮಾಡಿ, ಬ್ರಾಕೆಟ್‌ಗಳನ್ನು ಆ ಮರಕ್ಕೆ ಹೊಡೆಯಿರಿ. ಎಲ್ಲಿ ಮುಟ್ಟಿದರೂ ಉದುರುವ ಹಳೆಯ ಗಿಲಾವಿಗೂ ಇದೇ ಉಪಾಯ ಒಳ್ಳೆಯದು.

ತೂಗು ಹಾಕಿದ್ದು

ತುದಿಯ ಎರಡು ಬ್ರಾಕೆಟ್‌ಗಳನ್ನು ಬಿಗಿದ ಮೇಲೆ ಅವುಗಳ ಬಟ್ಟಲಿನಿಂದ ಬಟ್ಟಲಿಗೆ ದಾರ ಎಳೆದೆವು. ಒಂದು ತುದಿಯನ್ನು ತಂಗಿ ಹಿಡಿದುಕೊಂಡಳು. ನಡುವಿನ ತೋಳನ್ನು ದಾರ ತಾಗುವಷ್ಟು ಮುಂದೆ ತಂದು ಬಿಗಿದಾಗ ಮೂರೂ ಒಂದೇ ಗೆರೆಗೆ ಬಂದವು. ಟ್ರ್ಯಾಕ್‌ನ ಕ್ಲಿಪ್ಪುಗಳಿಗೂ ಅದೇ ದಾರ. ಮೊದಲು ಟ್ರ್ಯಾಕ್ ಕೂರಿಸಬೇಕು, ಪೈಪು ಬಂದ ಮೇಲೆ ಒಳಗೆ ಕೈ ಹೋಗುವುದು ಕಷ್ಟ.

ಪರದೆ ಹಾಕುವ ಮುನ್ನ ಪ್ರತಿ ಹೊರಬಟ್ಟಲಿಗೂ 10 ಲೀಟರ್ ನೀರಿನ ಬಕೆಟ್ಟನ್ನು ಹಗ್ಗದಿಂದ ತೂಗು ಹಾಕಿ ಬಿಟ್ಟೆ. ಫಲಕದ ಮೇಲಂಚಿಗೂ ಗೋಡೆಗೂ ನಡುವೆ ತೆಳು ಕಾಗದ ತೂರಿಸಿ ನೋಡುವುದು ಒಳ್ಳೆಯ ಪರೀಕ್ಷೆ. ಭಾರ ಹಾಕುವ ಮೊದಲು ತೂರದ ಕಾಗದ ಆಮೇಲೆ ತೂರಿದರೆ ಪ್ಲಗ್ ಜಾರುತ್ತಿದೆ. ಮೂರರಲ್ಲೂ ತೂರಲಿಲ್ಲ.

ಪ್ರತಿ ಹೊರಪರದೆಯ ಕೊನೆಯ ಐಲೆಟ್ ತುದಿಯ ಬ್ರಾಕೆಟ್‌ನ ಆಚೆಗೆ ಬರಬೇಕು, ಆಗ ಪರದೆ ಎಳೆದರೂ ಆ ಅಂಚು ಅಲ್ಲೇ ನಿಲ್ಲುತ್ತದೆ. ಹೊರಪೈಪು ಗೋಡೆಯಿಂದ 170 ಮಿ.ಮೀ ದೂರವಿರುವುದರಿಂದ ಬದಿಯಿಂದ ಬೆಳಕು ನುಗ್ಗುವುದು ಜೋಡಿ ಹಳಿಯ ಸಹಜ ಕೊರತೆ. ಕತ್ತಲೆ ಅಸ್ತರಿಗೆ ಹಣ ಹಾಕಿ ಈ ಸಂದು ಬಿಟ್ಟರೆ ಬೆಳಗಿನ ಬಿಸಿಲು ಅಲ್ಲಿಂದಲೇ ಮುಖಕ್ಕೆ ಬೀಳುತ್ತದೆ. ಗೋಡೆಗೆ ಎರಡೂ ಕಡೆ, ಎದೆಯ ಎತ್ತರದಲ್ಲಿ ಒಂದೊಂದು ಪುಟ್ಟ ಕೊಕ್ಕೆ ಕೂರಿಸಿ, ಪರದೆಯ ಅಂಚಿನ ಹಿಂಬದಿಗೆ ಚಿಕ್ಕ ಬಳೆ ಹೊಲಿಸಿ ಸಿಕ್ಕಿಸಿದೆ. ಅಂಚು ಗೋಡೆಗೆ ತಿರುಗಿ ನಿಂತು ಸಂದು ಮುಚ್ಚಿತು.

ಕೆಳಗಿನ ಮಡಿಕೆಯನ್ನು ಮಾತ್ರ ಹೊಲಿಸದೆ, ಟಾಚಣಿ ಚುಚ್ಚಿಯೇ ಇಟ್ಟಿದ್ದೆ. ಅಸ್ತರಿರುವ ಬಟ್ಟೆ ತನ್ನ ಭಾರಕ್ಕೆ ಸ್ವಲ್ಪ ಇಳಿಯುತ್ತದೆ, ಅದು ಇಳಿದು ನಿಂತ ಮೇಲೆ ನೆಲದಿಂದ 12 ಮಿ.ಮೀ ಮೇಲಕ್ಕೆ ಗುರುತು ಮಾಡಿ ಹೊಲಿಸಿದ್ದು. ಒಳಪರದೆಯನ್ನು ಅದಕ್ಕಿಂತ ಇನ್ನೂ 10 ಮಿ.ಮೀ ಗಿಡ್ಡ ಮಾಡಿಸಿದೆ, ಹೊರಪರದೆ ಮುಚ್ಚಿದಾಗ ತೆಳುಬಟ್ಟೆಯ ಅಂಚು ಕೆಳಗೆ ಇಣುಕುವುದಿಲ್ಲ. ಅದೇ ಹೊತ್ತಿಗೆ ಬಟ್ಟಲುಗಳ ಪುಟ್ಟ ಸ್ಕ್ರೂಗಳನ್ನು ಮತ್ತೊಮ್ಮೆ ತಿರುಗಿಸಿ ನೋಡಿದೆ. ನಡುವಿನದು ಕಾಲು ಸುತ್ತು ಬಿಗಿ ಬೇಡಿತು.